ಆನ್‌ಲೈನ್ ಡಾಕ್ಟರೇಟ್: ಕೋರ್ಸ್‌ವರ್ಕ್ ಮುಗಿದ ಮೇಲಿನ ಕಥೆ ಕೇಳಿಕೊಂಡು ಸೇರಿ

ಶಿಶು ಶಿಕ್ಷಣದಲ್ಲಿ ಆನ್‌ಲೈನ್ ಡಾಕ್ಟರೇಟ್ ಕೊಡುವ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮೊದಲ ಎರಡು ವರ್ಷ ಬಹುತೇಕ ಕಡೆ ಹೆಚ್ಚುಕಡಿಮೆ ಒಂದೇ ಥರ. ವಾರಕ್ಕೊಂದು ಚರ್ಚೆ, ಆಗಾಗ ಒಂದು ಬರಹ, ಸಂಶೋಧನಾ ವಿಧಾನದ ಎರಡು ಮೂರು ಕೋರ್ಸು, ಮಕ್ಕಳ ಬೆಳವಣಿಗೆಯ ಸಿದ್ಧಾಂತಗಳಿಗೆ ವೈಗೋಟ್‌ಸ್ಕಿ, ಪಿಯಾಜೆ, ಬ್ರಾನ್ಫೆನ್‌ಬ್ರೆನ್ನರ್. ಈ ಭಾಗ ನೋಡಿ ಒಳ್ಳೆಯದು ಕೆಟ್ಟದ್ದು ತೀರ್ಮಾನಿಸಲು ಆಗುವುದಿಲ್ಲ. ಅಸಲಿ ವ್ಯತ್ಯಾಸ ಕಾಣುವುದು ಆಮೇಲೆ, ಪ್ರಬಂಧದ ಹಂತದಲ್ಲಿ: ಕಳಿಸಿದ ಅಧ್ಯಾಯಕ್ಕೆ ಗೈಡ್ ಎಷ್ಟು ದಿನಕ್ಕೆ ಉತ್ತರ ಕೊಡುತ್ತಾರೆ, ಸಂಶೋಧನೆಗೆ ಅನುಮತಿ ಕೊಡುವ ನೀತಿ ಸಮಿತಿ ಎಷ್ಟು ಸಲ ಅರ್ಜಿ ವಾಪಸ್ ಕಳಿಸುತ್ತದೆ, ಅಲ್ಲಿಯವರೆಗೆ ಫೀಸಿನ ಮೀಟರ್ ಹೇಗೆ ಓಡುತ್ತದೆ. ಬ್ರೋಷರಿನಲ್ಲಿ ‘3 ವರ್ಷ’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುವುದು ಈ ಹಂತ ಸಲೀಸಾಗಿ ಸಾಗಿದರೆ ಎಂಬ ಲೆಕ್ಕದಲ್ಲಿ.

ಅದಕ್ಕೂ ಮೊದಲು ಊರಿನಲ್ಲಿರುವವರಿಗೆ ಒಂದು ಮಾತು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಪ್ರಿಸ್ಕೂಲ್ ನಡೆಸುತ್ತಾ, ಹೆಸರಿನ ಹಿಂದೆ ‘ಡಾ.’ ಬರಲಿ, ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಯೂ ಸಿಗಲಿ ಎಂದು ಆನ್‌ಲೈನ್ ಪಿಎಚ್‌.ಡಿ. ಹುಡುಕುತ್ತಿದ್ದರೆ ಇದು ನಿಮ್ಮ ದಾರಿಯಲ್ಲ. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪಿಎಚ್‌.ಡಿ. ನಡೆಸುವುದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ವಿದೇಶಿ ವಿಶ್ವವಿದ್ಯಾಲಯಗಳ ಹೆಸರು ಹೇಳಿ ಎಡ್‌ಟೆಕ್ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್‌.ಡಿ.ಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ ಅದೇ ವರ್ಷ ಅಕ್ಟೋಬರಿನಲ್ಲಿ ಜಂಟಿಯಾಗಿ ಎಚ್ಚರಿಸಿದ್ದೂ ಇದೆ. ಊರಿನಲ್ಲೇ ಇದ್ದು ಕೆಲಸ ಬಿಡದೆ ಮಾಡಬೇಕೆಂದರೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಪಾರ್ಟ್‌ಟೈಮ್ ಪಿಎಚ್‌.ಡಿ.ಗೆ ಅದೇ ನಿಯಮಾವಳಿಯಲ್ಲಿ ದಾರಿ ಇದೆ. ಕೆಲಸ ಕೊಟ್ಟವರಿಂದ ಎನ್‌ಒಸಿ ಬೇಕು, ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್ ಆಗಬೇಕು, 3 ವರ್ಷದ ಒಳಗೆ ಮುಗಿಸುವಂತಿಲ್ಲ. ‘ಒಂದೇ ವರ್ಷದಲ್ಲಿ ಡಾಕ್ಟರೇಟ್’ ಎಂದು ವಾಟ್ಸಾಪಿನಲ್ಲಿ ಬರುವುದು ಗೌರವ ಡಾಕ್ಟರೇಟಿನ ವ್ಯಾಪಾರ. ಅದಕ್ಕೆ ಕೊಡುವ ದುಡ್ಡಿನಲ್ಲಿ ಶಾಲೆಗೆ ಒಳ್ಳೆಯ ಮರದ ಬ್ಲಾಕ್ ಸೆಟ್ಟು ಬರುತ್ತದೆ.

ಹಾಗಾದರೆ ಯಾರಿಗೆ ಇದು? ಅಮೆರಿಕದಲ್ಲೇ ನೆಲೆಸಿ ಚೈಲ್ಡ್‌ಕೇರ್ ಸೆಂಟರಿನಲ್ಲಿ, ಬಡ ಕುಟುಂಬದ ಪುಟ್ಟ ಮಕ್ಕಳಿಗಾಗಿ ಸರ್ಕಾರದ ಹಣದಲ್ಲಿ ನಡೆಯುವ ಹೆಡ್ ಸ್ಟಾರ್ಟಿನಲ್ಲಿ, ಶಾಲಾ ಜಿಲ್ಲೆಯಲ್ಲಿ ಕೆಲಸ ಮಾಡುತ್ತಾ ಮೇಲಿನ ಹುದ್ದೆಗೆ ನೋಡುತ್ತಿರುವವರಿಗೆ. ಸರ್ಕಾರಿ ಶಾಲೆಗಳ ಸಂಬಳದ ಪಟ್ಟಿಯಲ್ಲಿ ಅನೇಕ ಕಡೆ ಡಾಕ್ಟರೇಟಿಗೆ ಬೇರೆ ಕಾಲಂ ಇರುತ್ತದೆ. ಖಾಸಗಿ ಚೈಲ್ಡ್‌ಕೇರಿನಲ್ಲಿ ಸಾಮಾನ್ಯವಾಗಿ ಅಂಥ ಕಾಲಂ ಇಲ್ಲ, ಡಿಗ್ರಿ ಬಂದರೂ ಸಂಬಳ ಇದ್ದಲ್ಲೇ ಇರುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡಲು ಬಹುತೇಕ ಮಾಸ್ಟರ್ಸ್ ಸಾಕು. ಇನ್ನು ಶಿಕ್ಷಕರ ಲೈಸೆನ್ಸು: ಈ ಡಾಕ್ಟರೇಟುಗಳಲ್ಲಿ ಹೆಚ್ಚಿನವು ಅದನ್ನು ಕೊಡುವುದಿಲ್ಲ.

ವೀಸಾ ವಿಷಯ. ಪೂರ್ತಿ ಆನ್‌ಲೈನ್ ಕೋರ್ಸಿಗೆ ವಿದ್ಯಾರ್ಥಿ ವೀಸಾ ಎಫ್-1 ಸಿಗುವುದಿಲ್ಲ. ಎಚ್-1ಬಿಯವರ ಗಂಡ ಅಥವಾ ಹೆಂಡತಿಯಾಗಿ ಎಚ್-4ನಲ್ಲಿ ಇರುವವರು ಓದಬಹುದು. ಆದರೆ ಇಎಡಿ (ಕೆಲಸದ ಪರವಾನಗಿ) ಇಲ್ಲದಿದ್ದರೆ ಸಂಬಳದ ಕೆಲಸ ಮಾಡುವಂತಿಲ್ಲವಲ್ಲ, ಅದು ಕೋರ್ಸಿನ ಆಯ್ಕೆಗೇ ಬಂದು ತಗಲುತ್ತದೆ. ಕಾರಣ ಎಡ್‌.ಡಿ. (ಡಾಕ್ಟರ್ ಆಫ್ ಎಜುಕೇಷನ್) ಮತ್ತು ಪಿಎಚ್‌.ಡಿ.ಯ ನಡುವಿನ ವ್ಯತ್ಯಾಸ. ಎಡ್‌.ಡಿ. ಈಗ ಬಹಳ ಕಡೆ ವೃತ್ತಿಯಲ್ಲಿರುವವರ ಡಿಗ್ರಿ: ನೀವು ಕೆಲಸ ಮಾಡುವ ಜಾಗದ ಒಂದು ಸಮಸ್ಯೆ ತೆಗೆದುಕೊಂಡು, ಅದಕ್ಕೊಂದು ಪರಿಹಾರ ಜಾರಿ ಮಾಡಿ, ಏನಾಯಿತೆಂದು ಅಳೆದು ಬರೆಯಬೇಕು. 2007ರಲ್ಲಿ ಶುರುವಾದ ‘ಕಾರ್ನೆಗಿ ಪ್ರಾಜೆಕ್ಟ್ ಆನ್ ದಿ ಎಜುಕೇಷನ್ ಡಾಕ್ಟರೇಟ್’ ಈ ಮಾದರಿಯನ್ನು ಬೆಳೆಸಿತು. ಕೆಲಸದ ಜಾಗವೇ ಇಲ್ಲದವರು ಇದಕ್ಕೆ ಸೇರಿದರೆ ಎರಡನೇ ವರ್ಷದಲ್ಲಿ ‘ನಿಮ್ಮ ಸಂಸ್ಥೆಯ ಅನುಮತಿ ಪತ್ರ ಎಲ್ಲಿ’ ಎಂಬ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಅಂಥವರಿಗೆ ಪಿಎಚ್‌.ಡಿ.ಯೇ ಮೇಲು. ಈಗಾಗಲೇ ಸಾರ್ವಜನಿಕವಾಗಿ ಸಿಗುವ ದತ್ತಾಂಶ ಇಟ್ಟುಕೊಂಡೂ ಪ್ರಬಂಧ ಬರೆಯಬಹುದು. ಸೆಂಟರಿನ ಡೈರೆಕ್ಟರ್ ಆಗಿರುವವರಿಗೆ ಎಡ್‌.ಡಿ. ಚೆನ್ನಾಗಿ ಒಗ್ಗುತ್ತದೆ.

ಈಗ ಮೂರು ಹೆಸರು, ಮೂರು ಮಾದರಿಯಾಗಿ.

ವಾಲ್ಡೆನ್ ವಿಶ್ವವಿದ್ಯಾಲಯ ಲಾಭಕ್ಕಾಗಿ ನಡೆಯುವ ಸಂಸ್ಥೆ. 2021ರಲ್ಲಿ ಆಡ್ಟಾಲೆಮ್ ಕಂಪನಿ ಇದನ್ನು ಕೊಂಡುಕೊಂಡಿತು. ಮಾನ್ಯತೆ ಹೈಯರ್ ಲರ್ನಿಂಗ್ ಕಮಿಷನ್‌ದು, ಅದರಲ್ಲಿ ಅನುಮಾನ ಬೇಡ. ಶಿಶು ಶಿಕ್ಷಣವನ್ನೇ ವಿಶೇಷ ವಿಷಯವಾಗಿ ಡಾಕ್ಟರೇಟಿನಲ್ಲಿ ಕೊಟ್ಟುಕೊಂಡು ಬಂದಿರುವುದು ಇದರ ದೊಡ್ಡ ಆಕರ್ಷಣೆ, ಪ್ರವೇಶವೂ ಸುಲಭ. ಆದರೆ ಇಲ್ಲಿನ ಬಿಸಿನೆಸ್ ಡಾಕ್ಟರೇಟಿನ ವಿದ್ಯಾರ್ಥಿಗಳು ಪ್ರಬಂಧದ ಹಂತ ಹೇಳಿದ್ದಕ್ಕಿಂತ ಎಷ್ಟೋ ಉದ್ದವಾಯಿತು, ದುಡ್ಡು ಹೆಚ್ಚು ಹೋಯಿತು ಎಂದು ಹೂಡಿದ ಮೊಕದ್ದಮೆ 2024ರಲ್ಲಿ 28.5 ಮಿಲಿಯನ್ ಡಾಲರಿಗೆ ರಾಜಿಯಾಯಿತು. ವಿಶ್ವವಿದ್ಯಾಲಯ ತಪ್ಪು ಒಪ್ಪಿಕೊಂಡಿಲ್ಲ, ಮೊಕದ್ದಮೆ ಶಿಕ್ಷಣ ವಿಭಾಗದ್ದೂ ಅಲ್ಲ. ಆದರೂ ಯಾವ ಹಂತದ ಬಗ್ಗೆ ಪ್ರಶ್ನೆ ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇನ್ನೊಂದು ಅನುಕೂಲ: ಇಲ್ಲಿನ ಪ್ರಬಂಧಗಳು ‘ಸ್ಕಾಲರ್‌ವರ್ಕ್ಸ್’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಓದಲು ಸಿಗುತ್ತವೆ. ಸೇರುವ ಮುಂಚೆ ಹತ್ತು ಓದಿ.

ನ್ಯಾಷನಲ್ ಯೂನಿವರ್ಸಿಟಿ, ಸ್ಯಾನ್ ಡಿಯೇಗೋ. ಲಾಭರಹಿತ ಸಂಸ್ಥೆ. ಆನ್‌ಲೈನ್ ಡಾಕ್ಟರೇಟಿಗೇ ಹೆಸರಾಗಿದ್ದ ನಾರ್ತ್‌ಸೆಂಟ್ರಲ್ 2022ರಲ್ಲಿ ಇದರೊಳಗೆ ಸೇರಿತು. ನಾರ್ತ್‌ಸೆಂಟ್ರಲ್ ಹೆಸರು ಮಾಡಿದ್ದೇ ಒಬ್ಬ ವಿದ್ಯಾರ್ಥಿಗೆ ಒಬ್ಬ ಪ್ರಾಧ್ಯಾಪಕ ಎಂಬ ಪದ್ಧತಿಯಿಂದ. ಸಹಪಾಠಿಗಳ ಜೊತೆ ಚರ್ಚೆಯ ಗೋಜಿಲ್ಲ. ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಕೂತು ಓದುವವರಿಗೆ ಇದು ವರ. ಮುಂದೂಡುವ ಚಾಳಿ ಇರುವವರಿಗೆ ಶಾಪ, ಯಾಕೆಂದರೆ ‘ನಿಂದು ಎಷ್ಟಾಯ್ತೇ?’ ಅಂತ ಕೇಳುವವರು ಒಬ್ಬರೂ ಇರುವುದಿಲ್ಲ.

ಜಾನ್ಸ್ ಹಾಪ್ಕಿನ್ಸ್‌ನ ಆನ್‌ಲೈನ್ ಎಡ್‌.ಡಿ. ಮೂರನೆಯದು. ಹೆಸರಿಗೆ ತೂಕ ಇದೆ, ಪ್ರವೇಶಕ್ಕೆ ಪೈಪೋಟಿಯೂ ಇದೆ. ಒಂದು ತಂಡವಾಗಿ ಸೇರಿ ಒಟ್ಟಿಗೆ ಸಾಗುವ ಕೋರ್ಸು, ಅರ್ಜಿ ಹಾಕುವಾಗಲೇ ಕೆಲಸದ ಜಾಗದ ಸಮಸ್ಯೆಯನ್ನು ಬರೆದು ಕೊಡಬೇಕು. ಇದು ಶಿಶು ಶಿಕ್ಷಣದ ಡಿಗ್ರಿ ಅಲ್ಲ, ಸಾಮಾನ್ಯ ಎಡ್‌.ಡಿ. ಆದರೆ ಪ್ರಬಂಧದ ವಿಷಯ ಪ್ರಿ-ಕೆ (ಕಿಂಡರ್‌ಗಾರ್ಟನ್‌ಗೂ ಮುಂಚಿನ ತರಗತಿ) ಇಟ್ಟುಕೊಂಡರೆ ಕೆಲಸ ಕೊಡುವವರು ನೋಡುವುದು ಅದನ್ನೇ. ‘ಅರ್ಲಿ ಚೈಲ್ಡ್‌ಹುಡ್’ ಎಂಬ ಪದ ಡಿಗ್ರಿಯ ಹೆಸರಲ್ಲೇ ಇರಬೇಕು ಎಂದು ಹಟ ಹಿಡಿದು ದುರ್ಬಲ ಕೋರ್ಸಿಗೆ ಸೇರುವವರು ಬಹಳ. ವಿಷಯ ಬಲ್ಲ ಒಬ್ಬ ಗೈಡ್ ಸಿಗುವುದು ಪದವಿ ಪತ್ರದ ಮೇಲಿನ ಆ ಎರಡು ಪದಕ್ಕಿಂತ ದೊಡ್ಡದು.

ಮಾನ್ಯತೆಯಲ್ಲಿ ಆಗುವ ಒಂದು ಗೊಂದಲ ಇಲ್ಲೇ ಹೇಳಿಬಿಡಬೇಕು. ‘ಎನ್‌ಎಇವೈಸಿ ಮಾನ್ಯತೆ ಇದೆಯಾ’ ಎಂದು ಅನೇಕರು ಕೇಳುತ್ತಾರೆ. ಶಿಶು ಶಿಕ್ಷಣದವರ ಆ ರಾಷ್ಟ್ರೀಯ ಸಂಸ್ಥೆ ಮಾನ್ಯತೆ ಕೊಡುವುದು ಅಸೋಸಿಯೇಟ್, ಬ್ಯಾಚುಲರ್ಸ್, ಮಾಸ್ಟರ್ಸ್ ಮಟ್ಟಕ್ಕೆ, ಡಾಕ್ಟರೇಟಿಗಲ್ಲ. ನೀವು ನೋಡಬೇಕಾದದ್ದು ಇಡೀ ವಿಶ್ವವಿದ್ಯಾಲಯಕ್ಕೆ ಇರುವ ಮಾನ್ಯತೆ. ಜೊತೆಗೆ ನೀವಿರುವ ರಾಜ್ಯದ ವಿದ್ಯಾರ್ಥಿಗಳನ್ನು ಆ ಕೋರ್ಸು ಸೇರಿಸಿಕೊಳ್ಳುತ್ತದೆಯೇ ಎಂಬುದು. ಒಂದು ರಾಜ್ಯದ ಆನ್‌ಲೈನ್ ಕೋರ್ಸು ಇನ್ನೊಂದರಲ್ಲಿ ನಡೆಯಲು ಬಿಡುವ, ರಾಜ್ಯಗಳ ನಡುವಿನ ‘ಸಾರಾ’ ಒಪ್ಪಂದದಿಂದ ಕ್ಯಾಲಿಫೋರ್ನಿಯಾ ಹೊರಗೇ ಉಳಿದಿದೆ. ಬೇ ಏರಿಯಾದಲ್ಲಿ ಕನ್ನಡದವರಿಗೇನು ಬರವೇ? ಅಲ್ಲಿರುವವರು ಈ ಪ್ರಶ್ನೆಗೆ ಇಮೇಲಿನಲ್ಲೇ ಉತ್ತರ ಪಡೆದಿಟ್ಟುಕೊಳ್ಳಬೇಕು.

ದುಡ್ಡಿನ ಲೆಕ್ಕ. ಲೆಕ್ಕ ಅರ್ಥವಾಗಲೆಂದು ಕ್ರೆಡಿಟ್‌ಗೆ 700 ಡಾಲರ್, ಒಟ್ಟು 54 ಕ್ರೆಡಿಟ್ ಎಂದು ಇಟ್ಟುಕೊಳ್ಳಿ: 37,800 ಡಾಲರ್. ಬ್ರೋಷರು ಇಲ್ಲಿಗೆ ನಿಲ್ಲುತ್ತದೆ. ಪ್ರಬಂಧ ಎರಡು ವರ್ಷ ಹೆಚ್ಚು ಎಳೆಯಿತು, ವರ್ಷಕ್ಕೆ ಮೂರು ಟರ್ಮು, ಪ್ರತಿ ಟರ್ಮಿಗೂ ಕಡ್ಡಾಯವಾಗಿ 3 ಕ್ರೆಡಿಟ್ ನೋಂದಣಿ ಎಂದಾದರೆ ಇನ್ನೂ 12,600. ಅಂದರೆ ಮೂರನೇ ಒಂದು ಭಾಗ ಜಾಸ್ತಿ, ಹೊಸದಾಗಿ ಒಂದು ಪಾಠವನ್ನೂ ಕೇಳದೆ. ಕೆಟಲಾಗಿನಲ್ಲಿ ‘ನಿರಂತರ ನೋಂದಣಿ’ಯ ನಿಯಮ ಎಲ್ಲಿದೆ ಎಂದು ಹುಡುಕಿ. ಕೆಲವು ಕಡೆ ಆ ಹಂತದಲ್ಲಿ 1 ಕ್ರೆಡಿಟ್ ಸಾಕು, ಕೆಲವು ಕಡೆ ಪೂರ್ತಿ ಕೋರ್ಸಿನ ದರ. ಎರಡು ಕೋರ್ಸುಗಳ ನಡುವಿನ ನಿಜವಾದ ಬೆಲೆ ವ್ಯತ್ಯಾಸ ಅಡಗಿರುವುದು ಈ ಒಂದು ಸಾಲಿನಲ್ಲಿ.

ಕಂಪನಿ ಕೊಡುವ ಓದಿನ ಖರ್ಚಿನಲ್ಲಿ ವರ್ಷಕ್ಕೆ 5,250 ಡಾಲರ್ ತನಕ ತೆರಿಗೆ ಇಲ್ಲ. ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ ವರ್ಷಕ್ಕೆ ಹೆಚ್ಚೆಂದರೆ 2,000 ಡಾಲರ್, ಆದರೆ ಗಂಡ ಹೆಂಡತಿಯ ಜಂಟಿ ಆದಾಯ 1,80,000 ದಾಟಿದರೆ ಅದೂ ಇಲ್ಲ. ಒಬ್ಬರು ಟೆಕ್ ಕಂಪನಿಯಲ್ಲಿದ್ದರೆ ಈ ಬಾಬತ್ತು ಮರೆತುಬಿಡಿ. ಫೆಡರಲ್ ಸಾಲ ಸಿಟಿಜನ್ ಮತ್ತು ಗ್ರೀನ್‌ಕಾರ್ಡಿನವರಿಗೆ ಉಂಟು, ಎಚ್-4ಕ್ಕೆ ಇಲ್ಲ. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಎತ್ತುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಹೆಚ್ಚುವರಿ ಫೆಡರಲ್ ಸಾಲ ಸಿಗುವುದಿಲ್ಲ. ವರ್ಷಕ್ಕೆ 20,500, ಒಟ್ಟು 1,00,000 ಡಾಲರ್ ಮಿತಿ.

ಶಿಶು ಶಿಕ್ಷಣದವರಿಗೇ ಇರುವ ತೊಡಕು ಬೇರೆ. ಸಂಶೋಧನೆಯಲ್ಲಿ ಮಕ್ಕಳಿದ್ದರೆ ಅಮೆರಿಕದ ಫೆಡರಲ್ ನಿಯಮದಡಿ ಅವರಿಗೆ ಹೆಚ್ಚುವರಿ ರಕ್ಷಣೆ ಇದೆ. ತಂದೆ ತಾಯಿಯ ಅನುಮತಿ, ತಿಳಿಯುವ ವಯಸ್ಸಿನ ಮಗುವಾದರೆ ಅದರ ಒಪ್ಪಿಗೆ, ಶಾಲೆಯ ಪತ್ರ. ದೊಡ್ಡವರ ಸಮೀಕ್ಷೆ ಮಾಡುವ ಸಹಪಾಠಿಗೆ ಬೇಗ ದಾಟುವ ಸಮಿತಿ ನಿಮ್ಮ ಅರ್ಜಿಯನ್ನು ಎರಡು ಮೂರು ಸಲ ತಿದ್ದಲು ಕಳಿಸಿದರೆ ಅಚ್ಚರಿಪಡಬೇಡಿ. ಅದಕ್ಕೇ ಆನ್‌ಲೈನ್ ಕೋರ್ಸುಗಳಲ್ಲಿ ಬಹಳ ಪ್ರಬಂಧಗಳು ಮಕ್ಕಳನ್ನು ಬಿಟ್ಟು ಶಿಕ್ಷಕಿಯರ ಸಂದರ್ಶನಕ್ಕೆ ಹೊರಳುತ್ತವೆ. ಅದು ತಪ್ಪಲ್ಲ, ಆದರೆ ನಿಮಗೆ ಮಕ್ಕಳ ಆಟವನ್ನೇ ನೋಡಬೇಕೆಂದಿದ್ದರೆ ಮಕ್ಕಳ ಜೊತೆಗಿನ ಸಂಶೋಧನೆಗೆ ಅನುಮತಿ ಕೊಡಿಸಿದ ಅನುಭವ ಇರುವ ಗೈಡ್ ಅಲ್ಲಿದ್ದಾರೆಯೇ ಕೇಳಿ.

ಅಳತೆಯ ಉಪಕರಣಕ್ಕೂ ಸಮಯ, ಹಣ ಎರಡೂ ಬೇಕು. ಶಿಕ್ಷಕಿ ಮತ್ತು ಮಕ್ಕಳ ಒಡನಾಟ ಅಳೆಯುವ ಪ್ರಿ-ಕೆ ‘ಕ್ಲಾಸ್’ ಮಾಪನದಲ್ಲಿ 3 ಕ್ಷೇತ್ರ, 10 ಆಯಾಮ, 1ರಿಂದ 7ರ ಅಂಕ. ತರಬೇತಿ ಪಡೆದು ಪರೀಕ್ಷೆ ಪಾಸಾಗದೆ ಅದನ್ನು ಬಳಸಿದರೆ ನಿಮ್ಮ ಅಂಕಗಳನ್ನು ಯಾರೂ ನಂಬುವುದಿಲ್ಲ. ತರಗತಿಯ ಒಟ್ಟಾರೆ ಗುಣಮಟ್ಟ ಅಳೆಯುವ ‘ಇಕರ್ಸ್-3’ರಲ್ಲಿ 35 ಅಂಶಗಳು, ಒಂದು ತರಗತಿಯಲ್ಲಿ ಒಂದೇ ಸಮನೆ 3 ಗಂಟೆ ಕೂತು ನೋಡಬೇಕು. ತರಬೇತಿಯ ಖರ್ಚು ವಿಶ್ವವಿದ್ಯಾಲಯ ಕೊಡುತ್ತದೆಯೋ ನಿಮ್ಮ ಜೇಬಿನಿಂದಲೋ ಎಂಬುದೂ ಕೇಳುವ ಪ್ರಶ್ನೆಯೇ.

ರಜೆಯಲ್ಲಿ ಊರಿಗೆ ಹೋದಾಗ ಅಂಗನವಾಡಿಯಲ್ಲಿ ಮಾಹಿತಿ ಸಂಗ್ರಹಿಸಿಕೊಂಡು ಬರುತ್ತೇನೆ ಎನ್ನುವ ಯೋಜನೆ ಕೇಳಲು ಚೆಂದ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು, ಶಿಕ್ಷಣ ಇಲಾಖೆಗಲ್ಲ. ಅನುಮತಿಗೆ ಜಿಲ್ಲೆಯ ಉಪನಿರ್ದೇಶಕರ ಕಚೇರಿಗೆ ಬರೆಯಬೇಕು, ತಾಲ್ಲೂಕಿನಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರನ್ನು ಕಾಣಬೇಕು. ಸಹಿ ಹಾಕಿದ ಪತ್ರ ಕೈಗೆ ಬರುವ ತನಕ ಅಮೆರಿಕದ ನೀತಿ ಸಮಿತಿ ಅಲುಗಾಡುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಅದನ್ನು ಬೇರೊಬ್ಬರು ಮತ್ತೆ ಇಂಗ್ಲಿಷಿಗೆ ತಂದು ತಾಳೆ ನೋಡಬೇಕು. ಎಡವುವುದು ಈ ಅನುವಾದದಲ್ಲೇ. ‘ತಮ್ಮ ಮಗುವಿನ ಪಾಲ್ಗೊಳ್ಳುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿರುತ್ತದೆ’ ಎಂದು ಬರೆದರೆ ಸಮಿತಿ ಒಪ್ಪುತ್ತದೆ, ತಾಯಿಗೆ ಏನೂ ತಿಳಿಯುವುದಿಲ್ಲ. ‘ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬೇಡ ಅನ್ನಬಹುದು. ಅದಕ್ಕೆ ಅಂಗನವಾಡಿಯಲ್ಲಿ ಕೊಡುವ ಹಾಲು, ಮೊಟ್ಟೆ ನಿಲ್ಲುವುದಿಲ್ಲ’ ಎಂದು ಬರೆದರೆ ತಾಯಿ ನಿಜವಾಗಿ ಯೋಚಿಸಿ ಹೇಳುತ್ತಾಳೆ. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳುವ ಏರ್ಪಾಡು ಮೊದಲೇ ಅರ್ಜಿಯಲ್ಲಿ ಇರಲಿ. ಒಂದೇ ಕೋಣೆ, ಒಬ್ಬರೇ ಕಾರ್ಯಕರ್ತೆ ಇರುವ ಅಂಗನವಾಡಿಗೆ ಅಮೆರಿಕದ ಮಾಪನ ಹಿಡಿದರೆ ಬಹುತೇಕ ಅಂಶಗಳಲ್ಲಿ ಅಂಕ ತಳ ಮುಟ್ಟುತ್ತದೆ. ಅದರಿಂದ ತಿಳಿಯುವುದು ಮಾಪನದ ಬಗ್ಗೆಯೇ ಹೊರತು ಅಂಗನವಾಡಿಯ ಬಗ್ಗೆಯಲ್ಲ.

ಅರ್ಜಿಯ ಕಾಗದಪತ್ರಕ್ಕೆ ಆರು ತಿಂಗಳು ಕೈಯಲ್ಲಿಟ್ಟುಕೊಳ್ಳಿ. ಊರಿನ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಿ ವಿದೇಶಿ ಪದವಿಗಳನ್ನು ಅಮೆರಿಕದ ಲೆಕ್ಕಕ್ಕೆ ತೂಗಿ ಹೇಳುವ ಡಬ್ಲ್ಯುಇಎಸ್‌ನಂಥ ಕಡೆ ಕೋರ್ಸುವಾರು ಮೌಲ್ಯಮಾಪನ ಮಾಡಿಸುವುದೇ ಇದರಲ್ಲಿ ಹೆಚ್ಚು ಸಮಯ ತಿನ್ನುತ್ತದೆ. ಎನ್‌ಟಿಟಿ (ನರ್ಸರಿ ಶಿಕ್ಷಕರ ತರಬೇತಿ), ಮಾಂಟೆಸೊರಿ ಡಿಪ್ಲೊಮಾಗಳು ಅನುಭವವಾಗಿ ಉಪಯೋಗಕ್ಕೆ ಬರುತ್ತವೆ, ಮಾಸ್ಟರ್ಸ್ ಡಿಗ್ರಿಯ ಜಾಗಕ್ಕೆ ಬರುವುದಿಲ್ಲ.

ಅಡ್ಮಿಷನ್ ಆಫೀಸಿಗೆ ಕಳಿಸುವ ಇಮೇಲಿನಲ್ಲಿ ನಾಲ್ಕೇ ಪ್ರಶ್ನೆ ಸಾಕು. ಐದು ವರ್ಷದ ಹಿಂದೆ ಈ ಕೋರ್ಸಿಗೆ ಸೇರಿದವರಲ್ಲಿ ಈವರೆಗೆ ಎಷ್ಟು ಜನ ಡಿಗ್ರಿ ಪಡೆದಿದ್ದಾರೆ? (ಸರ್ಕಾರದ ಜಾಲತಾಣಗಳಲ್ಲಿ ಕಾಣುವ ಪದವಿ ಪ್ರಮಾಣ ಬ್ಯಾಚುಲರ್ಸ್ ವಿದ್ಯಾರ್ಥಿಗಳದ್ದು, ಡಾಕ್ಟರೇಟಿನದ್ದಲ್ಲ.) ಒಬ್ಬ ಗೈಡ್ ಒಮ್ಮೆಗೆ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ? ಕಳಿಸಿದ ಅಧ್ಯಾಯಕ್ಕೆ ಎಷ್ಟು ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮ ಇದೆಯೇ? ಗೈಡ್ ಕೆಲಸ ಬಿಟ್ಟು ಹೋದರೆ ಹೊಸಬರು ಬರುವ ತನಕದ ಟರ್ಮಿನ ಫೀಸು ಯಾರದು? ಆನ್‌ಲೈನ್ ಕೋರ್ಸುಗಳಲ್ಲಿ ಗುತ್ತಿಗೆಯ ಪ್ರಾಧ್ಯಾಪಕರು ಹೆಚ್ಚು, ಹಾಗಾಗಿ ಕೊನೆಯ ಪ್ರಶ್ನೆ ಕುಚೋದ್ಯದ್ದಲ್ಲ. ಪ್ರಬಂಧಗಳ ಕೃತಜ್ಞತೆಯ ಪುಟ ಓದಿ ನೋಡಿ, ‘ಮೊದಲ ಗೈಡ್, ಎರಡನೆಯ ಗೈಡ್, ಕೊನೆಗೆ ದಡ ಸೇರಿಸಿದವರು’ ಎಂಬ ಧಾಟಿಯ ಸಾಲು ಎಷ್ಟರಲ್ಲಿದೆ ಎಂದು ಎಣಿಸಿ. ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಕೊಡದೆ ‘ಫೋನಿನಲ್ಲಿ ಮಾತಾಡೋಣ, ಈ ವಾರ ಸೇರಿದರೆ ರಿಯಾಯಿತಿ ಇದೆ’ ಎಂದು ದಿನಕ್ಕೆ ಮೂರು ಸಲ ಕರೆ ಬರತೊಡಗಿದರೆ ಆ ನಂಬರ್ ಬ್ಲಾಕ್ ಮಾಡಿ ಮುಂದಿನ ಹೆಸರಿಗೆ ಹೋಗಿ.