ಕರಾವಳಿಯ ಓದುಗರಿಗೊಂದು ಕಡಲ ಪತ್ರಿಕೆ

1959ರಲ್ಲಿ ಆರಂಭವಾಗಿ, ಈಗ ಕೊಚ್ಚಿಯಿಂದ ವರ್ಷಕ್ಕೆರಡು ಬಾರಿ ಹೊರಬರುವ ಭಾರತೀಯ ಸಾಗರ ಜೀವಶಾಸ್ತ್ರ ಸಂಘದ ಸಂಶೋಧನಾ ಪತ್ರಿಕೆಯು ಹಳೆಯ ಸಂಚಿಕೆಗಳನ್ನೂ ಜಾಲತಾಣದಲ್ಲಿ ಉಚಿತವಾಗಿ ತೆರೆದಿಟ್ಟಿರುವುದು ಕಾಸರಗೋಡಿನಂಥ ಊರಿನ ಓದುಗರಿಗೆ ದೊಡ್ಡ ಉಪಕಾರ. ಬೂತಾಯಿ ಮೀನು ಒಂದು ವರ್ಷ ಹೇರಳವಾಗಿ ಸಿಕ್ಕಿ ಇನ್ನೊಂದು ವರ್ಷ ಅಪರೂಪವಾಗುವುದನ್ನು (ನಮಗದು ತಿಳಿಯುವುದು ಮಾರುಕಟ್ಟೆಯ ಬೆಲೆಯಿಂದಷ್ಟೆ) ಮುಂಗಾರಿನಲ್ಲಿ ಮೇಲೇಳುವ ತಳದ ತಣ್ಣೀರು, ಅದರಿಂದ ಹೆಚ್ಚುವ ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು), ಮೊಟ್ಟೆಯಿಡುವ ಕಾಲ ಇವುಗಳೊಡನೆ ಇಟ್ಟು ನೋಡುವ ಲೇಖನಗಳೇ ಇದರ ನಿಜವಾದ ಆಸ್ತಿ. ಭಾಷೆ ಇಂಗ್ಲಿಷ್, ಸಂಖ್ಯಾಶಾಸ್ತ್ರದ ಪರಿಚಯವಿಲ್ಲದವರಿಗೆ ಕೋಷ್ಟಕಗಳು ಕಠಿಣವೆನಿಸಬಹುದು. ಆದರೆ ಕಡಲ್ಕೊರೆತದ ತಡೆಗೋಡೆ, ಬಂದರಿನ ರಚನೆ, ಅಲೆಗಳ ಒತ್ತಡ ಮುಂತಾದವುಗಳಿಗೆ ಇದು ತಕ್ಕ ಪತ್ರಿಕೆಯಲ್ಲ. ಅದಕ್ಕೆ ಎಲ್ಸೆವಿಯರ್ ಪ್ರಕಾಶನದ 'ಓಷನ್ ಎಂಜಿನಿಯರಿಂಗ್' ಪತ್ರಿಕೆ ಬೇಕು. ಅದರ ಬಹಳಷ್ಟು ಲೇಖನಗಳು ಚಂದಾದಾರರಿಗಷ್ಟೇ ಮೀಸಲಾಗಿರುವುದರಿಂದ, ವಿಶ್ವವಿದ್ಯಾಲಯದ ಗ್ರಂಥಾಲಯದ ನೆರವಿಲ್ಲದವರು ಸಾರಾಂಶದಲ್ಲೇ ತೃಪ್ತರಾಗಬೇಕಾಗುತ್ತದೆ.