ಟಿಓಎಫ್ ಮಾನಿಟರ್: ಚಿಕ್ಕಮಗಳೂರಿನ ನರ್ಸಿಂಗ್ ಹೋಮಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ನಾನು ಚಿಕ್ಕಮಗಳೂರಿನಲ್ಲಿ ಅನೆಸ್ತೇಶಿಯಾ ಡಾಕ್ಟರ್. ನಮ್ಮ ಥಿಯೇಟರಿನಲ್ಲಿರುವುದು ಅಂಗೈಯಗಲದ ಟಿಓಎಫ್ (ಟ್ರೇನ್ ಆಫ್ ಫೋರ್, ಅಂದರೆ ಸಾಲಾಗಿ ನಾಲ್ಕು ಮಿಡಿತ) ಮಾನಿಟರ್. ಆಪರೇಷನ್ನಿಗೆ ಕೊಟ್ಟ ಸ್ನಾಯು ಸಡಿಲಿಸುವ ಮದ್ದಿನ ಪ್ರಭಾವ ಎಷ್ಟು ಇಳಿದಿದೆ ಅಂತ ಅಳೆಯುವ ಯಂತ್ರ ಇದು. ಮಣಿಕಟ್ಟಿನ ಅಲ್ನಾರ್ ನರದ ಮೇಲೆ ಎರಡು ಎಲೆಕ್ಟ್ರೋಡ್, ಹೆಬ್ಬೆರಳಿಗೆ ಒಂದು ಸೆನ್ಸರ್. ಅರ್ಧ ಸೆಕೆಂಡಿಗೊಮ್ಮೆಯಂತೆ ನಾಲ್ಕು ಸಲ ಕರೆಂಟ್ ಕೊಡುತ್ತದೆ. ನಾಲ್ಕನೇ ಸಲ ಬೆರಳು ಆಡಿದ್ದು ಮೊದಲ ಸಲದ ಎಷ್ಟು ಪಾಲು ಅಂತ ತೋರಿಸುತ್ತದೆ. ಅದು 0.9 ಮುಟ್ಟುವ ತನಕ ನಾನು ಉಸಿರಾಟದ ಟ್ಯೂಬ್ ತೆಗೆಯುವುದಿಲ್ಲ.

ರೋಗಿ ಐದು ಸೆಕೆಂಡ್ ತಲೆ ಎತ್ತಿ ಹಿಡಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. 0.6ರ ಆಸುಪಾಸಿನಲ್ಲೂ ಹಲವರು ತಲೆ ಎತ್ತುತ್ತಾರೆ. ಕರೆಂಟ್ ಮಾತ್ರ ಕೊಡುವ, ಅಳೆಯದ ಸಾಮಾನ್ಯ ನರ್ವ್ ಸ್ಟಿಮ್ಯುಲೇಟರ್ ಹಾಕಿ ಬೆರಳು ಮುಟ್ಟಿ ನೋಡಿದರೂ, 0.4 ದಾಟಿತು ಅಂದರೆ ನಾಲ್ಕೂ ಒಂದೇ ಸಮ ಅನ್ನಿಸಿಬಿಡುತ್ತದೆ. ಆಗಿನ್ನೂ ಗಂಟಲಿನ ಸ್ನಾಯುಗಳಿಗೆ ಪೂರ್ತಿ ಬಲ ಬಂದಿರುವುದಿಲ್ಲ. ಎಂಜಲು ಶ್ವಾಸಕೋಶಕ್ಕೆ ಇಳಿಯಬಹುದು, ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ರಾತ್ರಿ ರಿಕವರಿಯಲ್ಲಿ ಒಬ್ಬರೇ ನರ್ಸ್ ಇರುವ ನಮ್ಮಂಥ ಕಡೆ ಇದು ಸಣ್ಣ ಮಾತಲ್ಲ. 2023ರಲ್ಲಿ ಅಮೆರಿಕದ ಅನೆಸ್ತೇಶಿಯಾ ತಜ್ಞರ ಸಂಘವೂ ಹೇಳಿದ್ದು ಇದನ್ನೇ: ಯಂತ್ರದಿಂದ ಅಳೆಯಿರಿ, ಹೆಬ್ಬೆರಳಿನಲ್ಲೇ ಅಳೆಯಿರಿ, ಕಣ್ಣಿನ ಸುತ್ತಲಿನ ಸ್ನಾಯುಗಳನ್ನು ನಂಬಬೇಡಿ.

ಸಡಿಲಿಸುವ ಮದ್ದಿನ ಪ್ರಭಾವ ಇಳಿಸುವ ನಿಯೋಸ್ಟಿಗ್ಮಿನ್ ಕೊಡುವ ಹೊತ್ತೂ ಇದರಿಂದಲೇ ಗೊತ್ತಾಗುತ್ತದೆ. ನಾಲ್ಕೂ ಮಿಡಿತ ಕಾಣದೆ ಕೊಟ್ಟರೆ ಜಾಸ್ತಿ ಪ್ರಯೋಜನವಿಲ್ಲ. ಅದೇ ಕೆಲಸದ ಇನ್ನೊಂದು ಮದ್ದು ಸುಗಮ್ಮಡೆಕ್ಸ್ ಇದೆಯಲ್ಲ ಅನ್ನಬೇಡಿ, ಅಟ್ರಾಕ್ಯುರಿಯಂ ಎಂಬ ಸಡಿಲಿಸುವ ಮದ್ದಿನ ಮೇಲೆ ಅದು ಕೆಲಸ ಮಾಡುವುದೇ ಇಲ್ಲ.

ಇನ್ನು ತೊಂದರೆಗಳು. ಹೆಬ್ಬೆರಳು ಸಲೀಸಾಗಿ ಆಡಬೇಕು. ಲ್ಯಾಪರೋಸ್ಕೋಪಿಯಲ್ಲಿ ಕೈಯನ್ನು ಮೈಗೆ ಒತ್ತಿ ಕಟ್ಟಿದಾಗ ಬೆರಳು ಬಟ್ಟೆಗೆ ತಗಲುತ್ತದೆ, ಆಗ ಬರುವ ಅಂಕಿ ಸುಮ್ನೆ. ಸ್ನಾಯು ಸಡಿಲಿಸುವ ಮದ್ದು ಕೊಡುವ ಮೊದಲೇ ಕೆಲವರಲ್ಲಿ 1.1 ತೋರಿಸುತ್ತದೆ. ಅಂಥವರಿಗೆ ಕೊನೆಯಲ್ಲಿ 0.9 ಸಾಲದು, ನಾನು 1.0ಕ್ಕೆ ಕಾಯುತ್ತೇನೆ. ಅದಕ್ಕೇ ನಿದ್ದೆ ಬಂದ ತಕ್ಷಣ, ಮದ್ದು ಕೊಡುವ ಮುಂಚೆ, ಒಮ್ಮೆ ಅಳೆದು ಬರೆದಿಡಿ. ಎಚ್ಚರವಿದ್ದಾಗ ಬೇಡ, ನೋಯುತ್ತದೆ. ನಮ್ಮೂರ ಮಳೆಗಾಲದಲ್ಲಿ ಕೈ ಬೇಗ ತಣ್ಣಗಾಗುತ್ತದೆ. ಚರ್ಮ 32 ಡಿಗ್ರಿಗಿಂತ ಕೆಳಗಿಳಿದರೆ ಅಳತೆ ತಪ್ಪುತ್ತದೆ, ಹಾಗಾಗಿ ಕೈಗೆ ಹತ್ತಿ ಸುತ್ತಿಡುತ್ತೇವೆ. ತೋಟದ ಕೆಲಸದವರ ಚರ್ಮ ಒರಟು. ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿ, ಒಣಗಿದ ಮೇಲೆ ಎಲೆಕ್ಟ್ರೋಡ್ ಅಂಟಿಸಬೇಕು.

ಕೈ ಕಟ್ಟುವ ಆಪರೇಷನ್ನುಗಳೇ ಜಾಸ್ತಿ ಇದ್ದರೆ ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ ಇಎಂಜಿ ಮಾದರಿ ತಗೊಳ್ಳಿ. ಅದಕ್ಕೆ ಬೆರಳು ಆಡಲೇಬೇಕೆಂದಿಲ್ಲ. ಆದರೆ ಪ್ರತಿ ರೋಗಿಗೂ ಅದರದ್ದೇ ಎಲೆಕ್ಟ್ರೋಡ್ ಪಟ್ಟಿ ಬೇಕು, ಖರ್ಚು ಬೀಳುತ್ತದೆ. ನಮ್ಮದಕ್ಕೆ ಮಾಮೂಲಿ ಇಸಿಜಿ ಎಲೆಕ್ಟ್ರೋಡ್ ಸಾಕಾಗುತ್ತದೆ.