ಹಳೆಯ ಪವರ್ ಮಷಿನ್ ಕೊಳ್ಳುವ ಮುನ್ನ ಹೆಡ್ ಎತ್ತಿಸಿ ನೋಡಿ

ಗಾರ್ಮೆಂಟ್ಸ್ ಕಾರ್ಖಾನೆಯಿಂದ ಬಂದ ಹಳೆಯ ಹೊಲಿಗೆ ಯಂತ್ರ ಕೊಳ್ಳಲು ಹೊರಟಿರುವ ಅಕ್ಕತಂಗಿಯರು ದಯವಿಟ್ಟು ಇದನ್ನು ಓದಿ ಆಮೇಲೆ ಹಣ ಎಣಿಸಿ. ನಾನು 16,500 ರೂಪಾಯಿ ಕೊಟ್ಟು ಮೋಸ ಹೋದೆ. ಹಣ ಹೇಗೋ ದುಡಿದುಕೊಳ್ಳಬಹುದು, ಆದರೆ ಆ ಯಂತ್ರದಿಂದ ಒಬ್ಬ ಮದುಮಗಳ ರವಿಕೆ ಹಾಳಾಯಿತು. ಆ ಸಂಕಟ ಇನ್ನೂ ಕರಗಿಲ್ಲ.

ನಾನು ತುಮಕೂರಿನವಳು. ಹನ್ನೊಂದು ವರ್ಷದಿಂದ ಮನೆಯಲ್ಲೇ ರವಿಕೆ, ಚೂಡಿದಾರ ಹೊಲಿಯುತ್ತೇನೆ. ಅಷ್ಟೂ ವರ್ಷ ಕಾಲಿನಲ್ಲಿ ತುಳಿಯುವ ಕಪ್ಪು ಮಷಿನ್ನೇ ನನ್ನ ಸಂಗಾತಿ. ಮಂಡಿ ನೋವು ಹೆಚ್ಚಾಯಿತು, ಮದುವೆ ಕಾಲದಲ್ಲಿ ಬರುವ ಕೆಲಸ ಕೈಗೆ ನಿಲುಕದಾಯಿತು. ಮೋಟರಿನಿಂದ ಓಡುವ ಹೊಸ ಪವರ್ ಮಷಿನ್‌ಗೆ ಕೈಯಲ್ಲಿ ಹಣವಿರಲಿಲ್ಲ. ಮುಚ್ಚಿದ ಗಾರ್ಮೆಂಟ್ಸ್‌ನ ಯಂತ್ರಗಳು ಪೀಣ್ಯದ ಕಡೆ ಒಂದು ಗೋದಾಮಿನಲ್ಲಿ ಅಗ್ಗಕ್ಕೆ ಸಿಗುತ್ತವೆ ಎಂದು ಯಾರೋ ಹೇಳಿದರು. ಮರುದಿನವೇ ಬಸ್ ಹತ್ತಿದೆ.

ಸಾಲಾಗಿ ಜೋಡಿಸಿಟ್ಟ ಹೆಡ್‌ಗಳು, ಅಂದರೆ ಮೇಜಿನ ಮೇಲೆ ಕೂರುವ ಹೊಲಿಯುವ ಭಾಗಗಳು, ಒಂದೊಂದೂ ಫಳಫಳ. "ಎರಡೇ ವರ್ಷ ಓಡಿದ ಮಾಲು, ಅಕ್ಕ. ಫ್ಯಾಕ್ಟರಿ ಮುಚ್ಚಿತು, ಅದಕ್ಕೇ ಈ ಬೆಲೆ" ಎಂದರು ಗೋದಾಮಿನವರು. ನಾಲ್ಕು ಮಡಿಕೆಯ ಜೀನ್ಸ್ ಬಟ್ಟೆ ಇಟ್ಟು ಸರ್ರನೆ ಹೊಲಿದು ತೋರಿಸಿದರು. ಮೇಲೆ ಕೆಳಗೆ ತಿರುಗಿಸಿ ನೋಡಿದೆ, ಹೊಲಿಗೆ ಮುತ್ತು ಪೋಣಿಸಿದಂತಿತ್ತು. ಒಳಗೆ ಹೇಗಿದೆ ನೋಡಬೇಕು, ಹೆಡ್ ಎತ್ತಿ ಎಂದು ಕೇಳಿದೆ. "ಹೆಡ್ ಎತ್ತಿದರೆ ಸೆಟ್ಟಿಂಗ್ ಹೋಗಿಬಿಡುತ್ತದೆ, ಮೆಕ್ಯಾನಿಕ್ ಇವತ್ತು ರಜೆ" ಎಂದರು. ನಾನು ನಂಬಿದೆ. ಮುಂಗಡವನ್ನು ಮೊಬೈಲ್‌ನಲ್ಲೇ ಕಳುಹಿಸಿ, ಉಳಿದದ್ದನ್ನು ಮನೆಗೆ ತಂದಿಳಿಸಿದ ದಿನ ಕೊಟ್ಟೆ. ಕೈಗೆ ಸಿಕ್ಕಿದ್ದು ಒಂದು ಚೀಟಿ. ಅದರಲ್ಲಿ "ಹಳೆ ಮಷಿನ್ ಒಂದು" ಎಂದಷ್ಟೇ ಬರೆದಿತ್ತು.

ಸಾಗಿಸುವಾಗ ಚೆಲ್ಲುತ್ತದೆ ಎಂದು ಎಣ್ಣೆ ಬಸಿದು ಕೊಟ್ಟಿದ್ದರು. ನಾನೇ ಗುರುತಿನವರೆಗೆ ತುಂಬಿದೆ. ಮೊದಲ ವಾರ 16ನೇ ನಂಬರ್ ಸೂಜಿ ಹಾಕಿ ಲಂಗಗಳನ್ನು ಹೊಲಿದೆ, ಅಲ್ಲೊಂದು ಇಲ್ಲೊಂದು ಹೊಲಿಗೆ ಬಿಟ್ಟದ್ದು ಬಿಟ್ಟರೆ ತೊಂದರೆ ಕಾಣಲಿಲ್ಲ. ರೇಷ್ಮೆಗೆಂದು ತೆಳ್ಳಗಿನ 11ನೇ ನಂಬರ್ ಸೂಜಿ ಹಾಕಿದ ದಿನ ನಿಜ ಬಯಲಾಯಿತು. ಅಂಗುಲಕ್ಕೆ ಒಂದೆರಡು ಕಡೆ ಹೊಲಿಗೆ ಹಾರತೊಡಗಿತು. ದಾರ ಪೋಣಿಸಿದ್ದೇ ತಪ್ಪೇನೋ ಎಂದು ಬಿಚ್ಚಿ ಪೋಣಿಸಿದೆ, ಕೆಳದಾರ ಸುತ್ತಿರುವ ಬಾಬಿನ್ ಬದಲಿಸಿದೆ, ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಗಿಸಿದೆ, ಸೂಜಿ ಬದಲಿಸಿದೆ. ಹೊಸ ಯಂತ್ರಕ್ಕೆ ನನ್ನ ಕೈ ಒಗ್ಗಿಲ್ಲ ಎಂದುಕೊಂಡು ಮತ್ತೆ ಕುಳಿತೆ. ಅಲ್ಲೇ ನಿಲ್ಲಿಸಬೇಕಿತ್ತು.

ಅದು ಧಾರೆ ಸೀರೆಯ ರವಿಕೆ. ಬೆನ್ನಿನ ಭಾಗಕ್ಕೆ ಜರಿ ಅಂಚು ಕೂಡಿಸುತ್ತಿದ್ದೆ. ಸೂಜಿಯ ಕಡೆಯಿಂದ ಎಣ್ಣೆ ಇಳಿದು ಕಡಲೆಕಾಳಿನಷ್ಟು ಕಲೆ ಮೂಡಿತು, ನೋಡುತ್ತಿದ್ದಂತೆ ಹರಡಿತು. ಪೌಡರ್ ಉದುರಿಸಿ ರಾತ್ರಿಯೆಲ್ಲ ಇಟ್ಟೆ. ಬೆಳಿಗ್ಗೆ ಡ್ರೈಕ್ಲೀನಿಂಗ್‌ಗೆ ಕೊಟ್ಟೆ. ಎಣ್ಣೆ ಹೋಯಿತು, ಬಣ್ಣ ಮಾಸಿದ ಗುರುತು ಉಳಿಯಿತು. ಸೀರೆಯ ಜೊತೆಗೇ ನೇಯ್ದು ಬಂದ ರವಿಕೆ ಕಣ ಅದು, ಇನ್ನೊಂದು ಎಲ್ಲಿಂದ ತರಲಿ? ಹುಡುಗಿಯ ತಾಯಿ ಬೈಯಲಿಲ್ಲ. "ಮದುವೆಗೆ ಐದೇ ದಿನ ಇದೆಯಲ್ಲಮ್ಮ" ಎಂದಷ್ಟೇ ಹೇಳಿದರು. ಅಂಚಿನ ಬಣ್ಣಕ್ಕೆ ಹೊಂದುವ ರೇಷ್ಮೆ ಹುಡುಕಿ ತಂದು, ರಾತ್ರಿ ಕುಳಿತು ತುಳಿಯುವ ಮಷಿನ್‌ನಲ್ಲೇ ಹೊಲಿದುಕೊಟ್ಟೆ. ಕೂಲಿ ತೆಗೆದುಕೊಳ್ಳಲಿಲ್ಲ. ಆರು ವರ್ಷದಿಂದ ಬರುತ್ತಿದ್ದ ಆ ಮನೆಯವರು ಮತ್ತೆ ನನ್ನ ಬಾಗಿಲಿಗೆ ಬಂದಿಲ್ಲ.

ಆಮೇಲೆ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಬಂದವರೇ ಹೆಡ್ಡನ್ನು ಹಿಂದಕ್ಕೆ ಎತ್ತಿ ಮಲಗಿಸಿದರು. "ಸೆಟ್ಟಿಂಗ್ ಹೋಗುವುದಿಲ್ಲವೇ?" ಎಂದೆ. "ಎತ್ತಲೆಂದೇ ಹಿಂದೆ ಎರಡು ಕೀಲು ಕೊಟ್ಟಿದ್ದಾರಲ್ಲಮ್ಮ. ಎತ್ತದೆ ಶುಚಿ ಮಾಡುವುದು ಹೇಗೆ?" ಎಂದರು. ನನ್ನ ಎದೆ ಧಸಕ್ಕೆಂದಿತು. ಕೆಳಗಿನ ಎಣ್ಣೆ ತಟ್ಟೆಯಲ್ಲಿ ಬೆರಳಾಡಿಸಿ ತೋರಿಸಿದರು, ಬೆರಳ ತುದಿಯಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಒಳಗಿನ ಭಾಗಗಳು ತೇಯ್ದ ಪುಡಿ ಅದು.

ಜೀನ್ಸ್ ಮೇಲೆ ಚೆನ್ನಾಗಿ ಓಡಿದ ಮಷಿನ್ ರೇಷ್ಮೆಯಲ್ಲಿ ಯಾಕೆ ಸೋತಿತು ಎಂಬುದನ್ನೂ ಅವರೇ ಬಿಡಿಸಿ ಹೇಳಿದರು. ಸೂಜಿ ಕೆಳಗಿಳಿದು ಮೇಲೇಳುವ ಕ್ಷಣದಲ್ಲಿ ಅದರ ಹಿಂದೆ ದಾರ ಪುಟ್ಟ ಕುಣಿಕೆಯಾಗುತ್ತದೆ. ಕೆಳಗೆ ತಿರುಗುವ ಕೊಕ್ಕೆಯಂಥ ಶಟಲ್‌ನ ಮೊನೆ ಆ ಕುಣಿಕೆಯೊಳಗೆ ನುಗ್ಗಿ ದಾರವನ್ನು ಬಾಬಿನ್ ಸುತ್ತ ಕೊಂಡೊಯ್ಯಬೇಕು. ಮೊನೆಗೂ ಸೂಜಿಗೂ ನಡುವೆ ಕೂದಲೆಳೆಯಷ್ಟೇ ಅಂತರವಿರಬೇಕು. ಶಟಲ್ ಸವೆದರೆ ಅಂತರ ಹೆಚ್ಚಿ ಕುಣಿಕೆ ತಪ್ಪುತ್ತದೆ. ಆದರೆ ದಪ್ಪ ಸೂಜಿ ಹಾಕಿದರೆ ಆ ಸಂದು ತುಂಬಿಹೋಗುತ್ತದೆ. 11ನೇ ನಂಬರ್ ಸೂಜಿಯ ದಪ್ಪ 0.75 ಮಿಲಿಮೀಟರ್, 18ರದ್ದು 1.1. ಗೋದಾಮಿನಿಂದ ಬಂದಾಗ ಹೆಡ್‌ನಲ್ಲಿದ್ದದ್ದು 18ನೇ ನಂಬರ್ ಸೂಜಿ! ಜೀನ್ಸ್ ಬಟ್ಟೆಯನ್ನು ಅವರು ಸುಮ್ಮನೆ ಆರಿಸಿರಲಿಲ್ಲ.

ಎಣ್ಣೆಯ ಕಾರಣ ಬೇರೆ. ಸೂಜಿ ಹಿಡಿದಿರುವ ಕಂಬಿ ಮೇಲೆ ಕೆಳಗೆ ಆಡುವ ಜಾಗದ ಬುಷ್, ಅಂದರೆ ಅದನ್ನು ಸುತ್ತಿ ಹಿಡಿಯುವ ಲೋಹದ ಕೊಳವೆ, ಸವೆದಿತ್ತು, ಮುಖದ ಭಾಗದಲ್ಲಿ ಸೇರುವ ಎಣ್ಣೆಯನ್ನು ವಾಪಸ್ ಎಳೆಯುವ ಬತ್ತಿ ಒಣಗಿ ಕಡ್ಡಿಯಾಗಿತ್ತು. ಇನ್ನು ಆ ಹೊಳಪು? ಸ್ಕ್ರೂಗಳ ತಲೆಯ ಗೀರಿನೊಳಗೂ ಬಣ್ಣ ಕುಳಿತಿತ್ತು. ಹೊಸ ಯಂತ್ರದಲ್ಲಿ ಬಣ್ಣ ಬಳಿದ ಮೇಲೆ ಸ್ಕ್ರೂ ಕೂರಿಸುತ್ತಾರೆ, ಇಲ್ಲಿ ಸ್ಕ್ರೂ ಇದ್ದಂತೆಯೇ ಬಣ್ಣ ಹೊಡೆದಿದ್ದಾರೆ. ಶಟಲ್, ಬುಷ್, ಕೂಲಿ ಎಲ್ಲ ಸೇರಿ ಮತ್ತೆ 3,400 ರೂಪಾಯಿ ಹೋಯಿತು.

ಗೋದಾಮಿಗೆ ಫೋನ್ ಮಾಡಿದೆ. "ಹಳೆಯ ಸರಕಿಗೆ ಗ್ಯಾರಂಟಿ ಇಲ್ಲ, ವ್ಯಾಪಾರಕ್ಕೆಂದು ಕೊಂಡವರನ್ನು ಗ್ರಾಹಕರ ಕೋರ್ಟು ಕೇಳುವುದೂ ಇಲ್ಲ" ಎಂದರು. ಈ ಎರಡನೆಯ ಮಾತು ಸುಳ್ಳು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡ ವಸ್ತುವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶ ಎಂದು ಎಣಿಸುವುದಿಲ್ಲ. ಬಿಲ್ ಕೊಡದಿರುವುದನ್ನೂ ಅದೇ ಕಾಯ್ದೆ ಅನುಚಿತ ವ್ಯಾಪಾರ ಎನ್ನುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನನಗೆ ಪೆಟ್ಟು ಬಿದ್ದದ್ದು ಚೀಟಿಯಲ್ಲಿ. ಅದರಲ್ಲಿ ಮಷಿನ್ ನಂಬರ್ ಇರಲಿಲ್ಲ. "ನಾವು ಕೊಟ್ಟ ಹೆಡ್ ಇದೇ ಎಂದು ಏನು ಸಾಕ್ಷಿ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನೀವು ಬಿಲ್ ಮೇಲೆ ಹೆಡ್‌ನ ನಂಬರ್, ಮೋಟರ್‌ನ ವಿವರ, ದಿನಾಂಕ ಬರೆಸಿಕೊಳ್ಳದೆ ಹಣ ಕೊಡಬೇಡಿ. ನಂಬರ್ ತಗಡಿನ ಫೋಟೋ ಅಲ್ಲೇ ನಿಂತು ತೆಗೆದುಕೊಳ್ಳಿ.

ನೋಡಲು ಹೋಗುವಾಗ ನೀವು ದಿನವೂ ಹೊಲಿಯುವ ಬಟ್ಟೆಯ ಚೂರುಗಳು, ನಿಮ್ಮ ದಾರ, ಹೊಸ 11 ಮತ್ತು 14ನೇ ನಂಬರ್ ಸೂಜಿಗಳು ಚೀಲದಲ್ಲಿರಲಿ. ಪವರ್ ಮಷಿನ್‌ನ ಸೂಜಿಗೆ ಬುಡ ದುಂಡಗಿರುತ್ತದೆ, ಮನೆಯ ಮಷಿನ್‌ನದ್ದಕ್ಕೆ ಒಂದು ಬದಿ ಚಪ್ಪಟೆ, ಅದನ್ನು ನೋಡಿ ಕೊಳ್ಳಿ. ಸೂಜಿಯನ್ನು ನೀವೇ ಹಾಕಿ, ದಾರ ನೀವೇ ಪೋಣಿಸಿ, ಅರ್ಧ ಗಂಟೆಯಾದರೂ ಹೊಲಿಯಿರಿ. ಎಣ್ಣೆ ತುಂಬಿಸಿಯೇ ಓಡಿಸಲು ಹೇಳಿ. ಮೇಲಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣಬೇಕು. ಬಟ್ಟೆ ಒತ್ತಿ ಹಿಡಿಯುವ ಫೂಟ್ ಕೆಳಗೆ ಬಿಳಿ ಬಟ್ಟೆ ಇಟ್ಟು, ಎಣ್ಣೆ ಇಳಿಯುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾದು ನೋಡಿ. ಮಷಿನ್ ನಿಲ್ಲಿಸಿ, ಸೂಜಿ ಕಂಬಿಯನ್ನು ಹಿಡಿದು ಅಕ್ಕಪಕ್ಕ ಅಲುಗಾಡಿಸಿ, ಲಟಪಟ ಎಂದರೆ ಬೇಡ. ಮೋಟರ್ ತ್ರೀ ಫೇಸ್‌ನದ್ದಾದರೆ ಸಾಮಾನ್ಯ ಮನೆಯ ಲೈನಿಗೆ ಆಗದು. ಕ್ಲಚ್ ಮೋಟರ್ ಸ್ವಿಚ್ ಹಾಕಿದಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ, ಸರ್ವೋ ಮೋಟರ್ ಪೆಡಲ್ ಒತ್ತಿದಾಗ ಮಾತ್ರ. ಕರೆಂಟು ಬಿಲ್ ಕಟ್ಟುವವರು ನೀವು, ಕೇಳಿ ತಿಳಿದುಕೊಳ್ಳಿ.

ನನ್ನ ಮಷಿನ್ ಈಗ ಲಂಗ, ನೈಟಿ, ಚೀಲಗಳಿಗೆ ಮೀಸಲು. ರೇಷ್ಮೆಯನ್ನು ಅದರ ಹತ್ತಿರ ಒಯ್ಯುವ ಧೈರ್ಯ ನನಗಿಲ್ಲ.

ಹೋದ ತಿಂಗಳು ನಮ್ಮ ಬೀದಿಯ ತಂಗಿಯೊಬ್ಬಳು ಹಳೆಯ ಮಷಿನ್ ಕೊಳ್ಳಬೇಕೆಂದಾಗ ಗೋದಾಮಿನ ದಾರಿ ಹಿಡಿಯಲು ಬಿಡಲಿಲ್ಲ. ಕಣ್ಣು ಮಂಜಾಗಿ ಅಂಗಡಿ ಮುಚ್ಚುತ್ತಿದ್ದ ಟೈಲರ್ ಒಬ್ಬರು ತಮ್ಮದನ್ನು ಮಾರುತ್ತಿದ್ದಾರೆ ಎಂದು ತಿಳಿಯಿತು. 300 ರೂಪಾಯಿ ಕೊಟ್ಟು ಅದೇ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಹೋದೆವು. ನಾವು ಬಾಯಿ ತೆರೆಯುವ ಮೊದಲೇ ಆ ಯಜಮಾನರು ಹೆಡ್ ಎತ್ತಿ ಮಲಗಿಸಿ, "ಮೊದಲು ಒಳಗೆ ನೋಡಿ" ಎಂದರು. ಬಣ್ಣ ಅಲ್ಲಲ್ಲಿ ಎದ್ದಿತ್ತು, ಎಣ್ಣೆ ನೀರಿನಂತೆ ತಿಳಿಯಾಗಿತ್ತು. ನಾವು ತಂದಿದ್ದ ರೇಷ್ಮೆ ಚೂರಿನ ಮೇಲೆ ಅವಳು ಉದ್ದಕ್ಕೆ ಹೊಲಿದಳು. ಒಂದು ಹೊಲಿಗೆಯೂ ತಪ್ಪಲಿಲ್ಲ.